ಬಿಸಿಲಿನ ಲೆಕ್ಕ, ತಟ್ಟೆಯ ಲೆಕ್ಕ: ದೆಹಲಿಯ ಮೂಳೆಗಳ ಬಗ್ಗೆ ಒಂದು ಟಿಪ್ಪಣಿ

ದೆಹಲಿ, ಗುರುಗ್ರಾಮ, ನೋಯ್ಡಾ ಕಡೆಯ ರಕ್ತಪರೀಕ್ಷೆಯ ವರದಿಗಳಲ್ಲಿ ಎರಡು ಸಾಲುಗಳು ಜೊತೆಜೊತೆಯಾಗಿ ಕಾಣಿಸಿಕೊಳ್ಳುವುದು ಈಗ ಮಾಮೂಲು. ಕ್ಯಾಲ್ಸಿಯಂ ಇರಬೇಕಾದಷ್ಟಿದೆ; ವಿಟಮಿನ್ ಡಿ ತೀರಾ ಕಡಿಮೆ. ಇದನ್ನು ಓದಿದವರು ಬರುವ ತೀರ್ಮಾನವೂ ಒಂದೇ ಬಗೆಯದು. ಸುಣ್ಣದಂಶಕ್ಕೇನೂ ಕೊರತೆಯಿಲ್ಲ, ಬಿಸಿಲು ಸಾಲದಾಗಿದೆ ಅಷ್ಟೆ. ಆಮೇಲೆ ವಾರಕ್ಕೊಂದು ಪುಡಿ ಪೊಟ್ಟಣ, ಬಾಲ್ಕನಿಯಲ್ಲಿ ಬೆಳಗಿನ ಹೊತ್ತು ಒಂದು ಕುರ್ಚಿ.

ಈ ಓದಿನ ಎರಡು ತುದಿಗಳೂ ಸಡಿಲವಾಗಿವೆ ಎಂಬುದು ನನ್ನ ವಾದ. ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂಬ ಸಾಲು ದೇಹಕ್ಕೆ ಸಿಗುತ್ತಿರುವ ಕ್ಯಾಲ್ಸಿಯಂ ಸಾಕೆಂಬುದಕ್ಕೆ ಸಾಕ್ಷಿಯಲ್ಲ. ವಿಟಮಿನ್ ಡಿ ಕಡಿಮೆ ಎಂಬ ಸಾಲಿನ ಹಿಂದೆ ಬಿಸಿಲಿನ ಜೊತೆಗೆ ಊಟದ ತಟ್ಟೆಯೂ ಇದೆ. 2000ದಿಂದ ಈಚೆಗೆ ರಾಷ್ಟ್ರ ರಾಜಧಾನಿ ವಲಯದಲ್ಲೇ ನಡೆದ ಕೆಲವು ಅಧ್ಯಯನಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ಇದು ಕಾಣುತ್ತದೆ. ಬಿಡಿಬಿಡಿಯಾಗಿ ಓದಿದರೆ ಕಾಣುವುದಿಲ್ಲ.

ರಕ್ತದ ಅಂಕಿ ಹೇಳದೆ ಬಿಡುವುದು

ವಯಸ್ಕರ ಮೈಯಲ್ಲಿ ಸುಮಾರು ಒಂದು ಕಿಲೋ, ಸ್ವಲ್ಪ ಹೆಚ್ಚೇ, ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲಿದೆ. ರಕ್ತದಲ್ಲಿ ಇರುವುದು ಪ್ರತಿ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ. ಅದರಲ್ಲೂ ಸುಮಾರು ಅರ್ಧ ಮಾತ್ರ ಬಿಡಿಯಾಗಿ, ವಿದ್ಯುದಾವೇಶ ಹೊತ್ತ ಅಯಾನಾಗಿ ಓಡಾಡುತ್ತದೆ. ಉಳಿದದ್ದು ಬಹುಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ನರ ಸಂದೇಶ ಸಾಗಿಸುವುದಕ್ಕೂ, ಸ್ನಾಯು ಸಂಕುಚಿಸುವುದಕ್ಕೂ, ಹೃದಯ ಲಯ ತಪ್ಪದಿರುವುದಕ್ಕೂ, ರಕ್ತ ಹೆಪ್ಪುಗಟ್ಟುವುದಕ್ಕೂ ಈ ಬಿಡಿ ಪಾಲೇ ಬೇಕು. ಅದು ಸ್ವಲ್ಪ ಇಳಿದರೂ ಬೆರಳು ಸೆಟೆದುಕೊಳ್ಳುತ್ತದೆ, ಇನ್ನೂ ಇಳಿದರೆ ಫಿಟ್ಸ್ ಬರುತ್ತದೆ. ಮೂಳೆ ತೆಳುವಾದರೆ ಹತ್ತು ವರ್ಷ ದೂಡಬಹುದು, ರಕ್ತದ ಕ್ಯಾಲ್ಸಿಯಂ ಕುಸಿದರೆ ಹತ್ತು ಗಂಟೆಯೂ ಕಷ್ಟ. ದೇಹದ ಆದ್ಯತೆ ಅಲ್ಲಿಗೇ ತೀರ್ಮಾನವಾಗಿಬಿಡುತ್ತದೆ.

ಕಾವಲು ಕಾಯುವುದು ಕುತ್ತಿಗೆಯಲ್ಲಿ ಥೈರಾಯ್ಡಿನ ಬೆನ್ನಿಗಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಇವುಗಳ ಇತಿಹಾಸದಲ್ಲಿ ಭಾರತಕ್ಕೂ ಒಂದು ವಿಚಿತ್ರ ಪಾಲಿದೆ. ಲಂಡನ್ನಿನ ಮೃಗಾಲಯದಲ್ಲಿದ್ದ ಭಾರತದ ಒಂಟಿಕೊಂಬಿನ ಖಡ್ಗಮೃಗವೊಂದು 1849ರಲ್ಲಿ ಸತ್ತಾಗ, ಅದನ್ನು ಕೊಯ್ದು ನೋಡಿದ ರಿಚರ್ಡ್ ಓವೆನ್ ಥೈರಾಯ್ಡಿಗೆ ಅಂಟಿಕೊಂಡಿದ್ದ ಹಳದಿ ಬಣ್ಣದ ಸಣ್ಣ ಗ್ರಂಥಿಯೊಂದನ್ನು ಗುರುತಿಸಿ ಬರೆದಿಟ್ಟ. ಮನುಷ್ಯರಲ್ಲಿ ಅದನ್ನು 1880ರಲ್ಲಿ ವಿವರಿಸಿದವನು ಸ್ವೀಡನ್ನಿನ ಉಪ್ಸಾಲಾದ ಈವಾರ್ ಸಾಂಡ್‌ಸ್ಟ್ರೋಮ್. ಅದಕ್ಕೂ ಕ್ಯಾಲ್ಸಿಯಮ್ಮಿಗೂ ನಂಟಿದೆಯೆಂದು ಮ್ಯಾಕ್‌ಕ್ಯಾಲಮ್ ಮತ್ತು ವೋಗ್ಟ್ಲಿನ್ ತೋರಿಸಿದ್ದು 1909ರಲ್ಲಿ. ಈ ಗ್ರಂಥಿ ರಕ್ತದ ಕ್ಯಾಲ್ಸಿಯಮ್ಮನ್ನು ಅಳೆಯುವುದಾದರೂ ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೀರಾ ಈಚೆಗೆ. 1993ರಲ್ಲಿ ಎಡ್ವರ್ಡ್ ಬ್ರೌನ್, ಸ್ಟೀವನ್ ಹೆಬರ್ಟ್ ಮತ್ತು ಸಂಗಡಿಗರು ಜೀವಕೋಶದ ಮೇಲ್ಮೈಯಲ್ಲಿ ಕ್ಯಾಲ್ಸಿಯಂ ಗುರುತಿಸುವ ಗ್ರಾಹಕವನ್ನು ಪ್ರತ್ಯೇಕಿಸಿ ತೋರಿಸಿದರು.

ರಕ್ತದಲ್ಲಿ ಬಿಡಿ ಕ್ಯಾಲ್ಸಿಯಂ ಕೊಂಚ ತಗ್ಗಿದೊಡನೆ ಈ ಗ್ರಾಹಕ ಸುಮ್ಮನಾಗುತ್ತದೆ, ಗ್ರಂಥಿ ಹಾರ್ಮೋನ್ ಬಿಡುತ್ತದೆ. ಹಾರ್ಮೋನಿನ ಆಯುಸ್ಸು ಕೆಲವೇ ನಿಮಿಷ. ಹಾಗಾಗಿಯೇ ಹಿಡಿತ ಅಷ್ಟು ಬಿಗಿ. ಮೊದಲು ಹೋಗುವ ಆಜ್ಞೆ ಮೂತ್ರಪಿಂಡಕ್ಕೆ. ದಿನವೊಂದಕ್ಕೆ ಸುಮಾರು 10 ಗ್ರಾಂ ಕ್ಯಾಲ್ಸಿಯಂ ಅಲ್ಲಿ ಸೋಸಿ ಹೋಗುತ್ತದೆ. ಅದರಲ್ಲಿ ನೂರಕ್ಕೆ 98 ಪಾಲು ಮರಳಿ ರಕ್ತಕ್ಕೆ ಸೇರುತ್ತದೆ. ಎರಡನೆಯ ಆಜ್ಞೆಯೂ ಮೂತ್ರಪಿಂಡಕ್ಕೇ. ಚರ್ಮದಲ್ಲಿ ಹುಟ್ಟಿ, ಯಕೃತ್ತಿನಲ್ಲಿ ಅರ್ಧ ಹದಗೊಂಡು ಬಂದ ವಿಟಮಿನ್ ಡಿಯನ್ನು ಅದರ ಕೊನೆಯ, ಚುರುಕಾದ ರೂಪವಾದ ಕ್ಯಾಲ್ಸಿಟ್ರಿಯಾಲ್‌ಗೆ ತಿರುಗಿಸುವ ಕೆಲಸ ಇದು. ಕ್ಯಾಲ್ಸಿಟ್ರಿಯಾಲ್ ಕರುಳಿಗೆ ಹೋಗಿ ಊಟದ ಕ್ಯಾಲ್ಸಿಯಮ್ಮನ್ನು ಒಳಕ್ಕೆ ಎಳೆದುಕೊಳ್ಳಲು ಹಚ್ಚುತ್ತದೆ. ವಿಟಮಿನ್ ಡಿ ಇಲ್ಲದ ಕರುಳು ತಿಂದದ್ದರಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಹೀರಿದರೆ, ಸಾಕಷ್ಟಿರುವಾಗ ಮೂವತ್ತು ನಲವತ್ತು ಪಾಲು ಹೀರುತ್ತದೆ.

ಮೂರನೆಯದು ಮೂಳೆಗೆ ಹೋಗುವ ಆಜ್ಞೆ. ಮೂಳೆ ಕರಗಿಸುವ ಕೋಶಗಳೇ ಬೇರೆ, ಕಟ್ಟುವ ಕೋಶಗಳೇ ಬೇರೆ. ಹಾರ್ಮೋನು ಕರಗಿಸುವ ಕೋಶದ ಬಳಿ ನೇರವಾಗಿ ಮಾತಾಡುವುದಿಲ್ಲ. ಕಟ್ಟುವ ಕೋಶಗಳ ಕುಲಕ್ಕೆ ಸುದ್ದಿ ಮುಟ್ಟಿಸುತ್ತದೆ, ಅವು ಕರಗಿಸುವವರನ್ನು ಕೆಲಸಕ್ಕೆ ಕರೆಯುತ್ತವೆ. ವಯಸ್ಕರ ಅಸ್ಥಿಪಂಜರದ ಹತ್ತನೇ ಒಂದು ಪಾಲಿನಷ್ಟು ವರ್ಷವರ್ಷ ಹೀಗೆ ಕರಗಿ ಹೊಸದಾಗುತ್ತದೆ. ಕರಗುವುದು ಕಟ್ಟುವುದು ಸರಿಸಮ ಇರುವವರೆಗೆ ತೊಂದರೆಯಿಲ್ಲ. ಉತ್ತರ ಕರ್ನಾಟಕದ ಹಗೇವಿನ ಹಾಗೆ ಮೂಳೆ: ಬರಗಾಲದಲ್ಲಿ ದಿನದ ಅಂಬಲಿ ತಪ್ಪದಂತೆ ನೆಲದಡಿಯಿಂದ ಕಾಳು ತೆಗೆಯುತ್ತ ಹೋದರೆ, ಹಗೇವು ಎಷ್ಟು ಬರಿದಾಗಿದೆಯೆಂಬುದು ಒಲೆಯ ಮೇಲಿನ ಗಡಿಗೆ ನೋಡಿದವರಿಗೆ ತಿಳಿಯದು.

ಕ್ಯಾಲ್ಸಿಟೋನಿನ್, ಫಾಸ್ಫೇಟಿನ ಲೆಕ್ಕ ನೋಡಿಕೊಳ್ಳುವ ಎಫ್‌ಜಿಎಫ್-23, ಋತುಬಂಧದ ನಂತರ ಇಳಿಯುವ ಈಸ್ಟ್ರೋಜನ್ ಇವೆಲ್ಲ ಈ ವ್ಯವಸ್ಥೆಯಲ್ಲಿ ಉಂಟು. ದೆಹಲಿಯ ಪ್ರಶ್ನೆಗೆ ಅವು ಅಷ್ಟಾಗಿ ಬೇಕಾಗುವುದಿಲ್ಲ. ಬೇಕಾದದ್ದು ಒಂದು ಭೇದ. ಮೂಳೆಯ ಪ್ರಮಾಣವೇ ಕುಗ್ಗಿ ತೂತುತೂತಾಗುವುದು ಆಸ್ಟಿಯೊಪೊರೋಸಿಸ್, ನಾವು ಮೂಳೆ ಸವೆತ ಎನ್ನುವುದು. ಮೂಳೆಯ ಹಂದರ ಇದ್ದೂ ಅದಕ್ಕೆ ಸುಣ್ಣ ಕೂರದೆ ಮೆತ್ತಗಾಗುವುದು ದೊಡ್ಡವರಲ್ಲಿ ಆಸ್ಟಿಯೊಮಲೇಸಿಯಾ, ಮಕ್ಕಳಲ್ಲಿ ರಿಕೆಟ್ಸ್. ಮೊದಲನೆಯದು ಮುಖ್ಯವಾಗಿ ವಯಸ್ಸು ಮತ್ತು ಹಾರ್ಮೋನಿನ ಕಥೆ, ಎರಡನೆಯದು ಮುಖ್ಯವಾಗಿ ಕೊರತೆಯ ಕಥೆ. ದೆಹಲಿಯಲ್ಲಿ ಎರಡೂ ಒಬ್ಬರದೇ ಮೈಯಲ್ಲಿ ಇರಬಲ್ಲವು. ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ಇವನ್ನು ಬೇರ್ಪಡಿಸಿ ಹೇಳಲಾರದು.

ಸರಿಯಾಗಿದೆ ಎಂಬ ಕ್ಯಾಲ್ಸಿಯಂ ಅಂಕಿ ಯಾವ ಬೆಲೆಗೆ ಸರಿಯಾಗಿದೆ ಎಂದು ತಿಳಿಯಲು ಅದೇ ರಕ್ತದಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನು ಎಷ್ಟಿದೆ, ಮೂಳೆಯ ಚಟುವಟಿಕೆ ಹೇಳುವ ಆಲ್ಕಲೈನ್ ಫಾಸ್ಫಟೇಸ್ ಎಷ್ಟಿದೆ ಎಂದು ನೋಡಬೇಕು. ಸಾಮಾನ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ಮೊದಲನೆಯದು ಹೆಚ್ಚಾಗಿ ಇರುವುದಿಲ್ಲ.

ಏಮ್ಸ್, ಮೋರಿ ಗೇಟ್, ಅಗೋತಾ

ಬಿಸಿಲಿನ ನಾಡಿನಲ್ಲಿ ವಿಟಮಿನ್ ಡಿ ಕೊರತೆಯೇ ಎಂಬ ಪ್ರಶ್ನೆ ಹೊಸದಲ್ಲ. ಕ್ಯಾಥ್ಲೀನ್ ವಾನ್ ಎಂಬ ವೈದ್ಯೆ ಕಾಶ್ಮೀರದ ಅನುಭವದಿಂದ, ಪರದೆಯೊಳಗಿನ ಹೆಂಗಸರ ಸೊಂಟದ ಮೂಳೆ ಬೆಳಕಿಲ್ಲದೆ ಮೆತ್ತಗಾಗಿ ಹೆರಿಗೆಯೇ ಅಪಾಯವಾಗುತ್ತಿದೆಯೆಂದು 1928ರಲ್ಲೇ ಪುಸ್ತಕ ಬರೆದಿದ್ದಳು. ಆದರೆ ಪರದೆಯಿಲ್ಲದ, ರೋಗವಿಲ್ಲದ, ಸಾಧಾರಣ ಆರೋಗ್ಯದ ನಗರವಾಸಿಗಳಲ್ಲೂ ಕೊರತೆಯಿದೆ ಎಂಬುದನ್ನು ದೆಹಲಿ ಒಪ್ಪಿಕೊಂಡದ್ದು 2000ದಲ್ಲಿ. ಆ ವರ್ಷ ಏಮ್ಸ್‌ನ ರವೀಂದರ್ ಗೋಸ್ವಾಮಿ, ಎನ್. ಕೊಚುಪಿಳ್ಳೈ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ಅದರ ವಿನ್ಯಾಸವೇ ಚೆಂದ. ದಿನವಿಡೀ ಬಯಲಿನಲ್ಲಿರುವ ಸೈನಿಕರು, ಆಸ್ಪತ್ರೆಯೊಳಗೇ ಇರುವ ವೈದ್ಯರು ಮತ್ತು ದಾದಿಯರು, ಬಸುರಿಯರು ಮತ್ತು ನವಜಾತ ಶಿಶುಗಳು, ತೊನ್ನಿನಿಂದ ಚರ್ಮದ ಬಣ್ಣ ಕಳೆದುಕೊಂಡವರು, ಹೀಗೆ ಒಂದೊಂದು ಗುಂಪೂ ಒಂದೊಂದು ಕಾರಣವನ್ನು ಪರೀಕ್ಷಿಸುವಂತೆ ಆರಿಸಿದ್ದರು. ಸೈನಿಕರನ್ನು ಬಿಟ್ಟರೆ ಎಲ್ಲರಲ್ಲೂ ಮಟ್ಟ ಕಡಿಮೆ. ಬಿಸಿಲಿಗೆ ಮೈಯೊಡ್ಡುವ ಹೊತ್ತಿಗೂ ವಿಟಮಿನ್ ಮಟ್ಟಕ್ಕೂ ಬಿಗಿಯಾದ ಸಂಬಂಧ. ಬಣ್ಣ ಕಳೆದುಕೊಂಡವರಲ್ಲೂ ಮಟ್ಟ ಕಡಿಮೆಯೇ ಇದ್ದುದರಿಂದ, ಕಪ್ಪು ಚರ್ಮವೇ ಕಾರಣ ಎಂಬ ಸುಲಭದ ವಿವರಣೆ ಅಲ್ಲಿಗೆ ಬಿದ್ದುಹೋಯಿತು.

ಎರಡು ವರ್ಷಕ್ಕೆ ಇನ್ನೊಂದು ಅಧ್ಯಯನ ಬಂತು, ಈ ಬಾರಿ 9ರಿಂದ 24 ತಿಂಗಳ ಕೂಸುಗಳ ಮೇಲೆ. ಹಳೆ ದೆಹಲಿಯ ಮೋರಿ ಗೇಟ್ ಹೊಗೆ ದಟ್ಟವಾಗಿದ್ದ ಜಾಗ. ಹೋಲಿಕೆಗೆ ಆರಿಸಿದ ಶುದ್ಧ ಗಾಳಿಯ ಜಾಗ, ಓದುವವರು ಇಂದು ನಕ್ಕಾರು, ಗುರುಗ್ರಾಮ. ಮೋರಿ ಗೇಟಿನ ಮಕ್ಕಳಲ್ಲಿ ವಿಟಮಿನ್ ಡಿ ಸರಾಸರಿ ಮಿಲಿಲೀಟರಿಗೆ 12.4 ನ್ಯಾನೋಗ್ರಾಂ, ಗುರುಗ್ರಾಮದವರಲ್ಲಿ 27.1. ಹೊಗೆಯ ಮಬ್ಬು ನೇರಳಾತೀತ ಬಿ ಕಿರಣಗಳನ್ನು ತಡೆಯುತ್ತಿದೆ ಎಂಬುದು ತೀರ್ಮಾನ. ಅಧ್ಯಯನ ಚಿಕ್ಕದು, ಆದರೆ ವ್ಯತ್ಯಾಸ ದೊಡ್ಡದು.

ಬಿಸಿಲಿನ ವಾದಕ್ಕೆ ಇಲ್ಲಿಯವರೆಗೆ ಜಯವೇ. ಅದಕ್ಕೆ ರೇಖಾಗಣಿತದ ಬೆಂಬಲವೂ ಇದೆ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ, 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಕಿರಣಗಳು ಸೂರ್ಯ ತಗ್ಗಿನಲ್ಲಿದ್ದಾಗ ವಾತಾವರಣದಲ್ಲೇ ಬಹುಮಟ್ಟಿಗೆ ಸೋಸಿಹೋಗುತ್ತವೆ. ನೆರಳು ಆಳಿಗಿಂತ ಉದ್ದವಿದ್ದರೆ ಲಾಭ ಕಡಿಮೆ ಎಂಬುದು ಒಂದು ಕೈಲೆಕ್ಕ. ದೆಹಲಿಯ ಅಕ್ಷಾಂಶ 28.6 ಡಿಗ್ರಿ. ಡಿಸೆಂಬರ್ 21-22ರ ಸುಮಾರಿಗೆ ನಡುಹಗಲಲ್ಲೂ ಸೂರ್ಯ ಅಲ್ಲಿ 38 ಡಿಗ್ರಿಗಿಂತ ಮೇಲೇರುವುದಿಲ್ಲ. ಐದೂವರೆ ಅಡಿ ಎತ್ತರದವರ ನೆರಳು ಏಳು ಅಡಿ. ಬೆಂಗಳೂರಿನಲ್ಲಿ ಅದೇ ದಿನ ಅದೇ ಆಳಿನ ನೆರಳು ನಾಲ್ಕು ಅಡಿ. ಲೆಕ್ಕ ಮುಂದುವರಿಸಿದರೆ, ನವೆಂಬರ್ ಮೊದಲ ವಾರ ಕಳೆದಂದಿನಿಂದ ಫೆಬ್ರವರಿ ಮೊದಲ ವಾರದವರೆಗೆ ದೆಹಲಿಯಲ್ಲಿ ನಡುಹಗಲಿನ ನೆರಳೂ ಆಳಿಗಿಂತ ಉದ್ದ; ಬೆಂಗಳೂರಿನಲ್ಲಿ ವರ್ಷದ ಒಂದು ದಿನವೂ ಹಾಗಾಗುವುದಿಲ್ಲ. ಈ ಮೂರು ತಿಂಗಳೇ ಮಬ್ಬು ಕವಿಯುವ ತಿಂಗಳು, ಮತ್ತು ಈ ಮೂರು ತಿಂಗಳೇ ದೆಹಲಿಯವರು ಚಾವಣಿಯ ಮೇಲೆ ಶಾಲು ಹೊದ್ದು, ಕಡಲೆಕಾಯಿ ಸುಲಿಯುತ್ತ, ಬಿಸಿಲು ಕಾಯಿಸಿಕೊಳ್ಳುವುದು. ಮೇ ತಿಂಗಳಲ್ಲಿ ಕಿರಣಗಳು ಧಾರಾಳವಾಗಿ ಬೀಳುವಾಗ ಪರದೆ ಎಳೆದುಕೊಂಡು ಕೂಲರಿನ ಮುಂದೆ ಕೂರುತ್ತಾರೆ. ಕಿಟಕಿಯ ಗಾಜಿನ ಹಿಂದೆ ಕುಳಿತರೂ ಅಷ್ಟೆ, ಗಾಜು ಆ ಕಿರಣಗಳನ್ನು ಬಿಡುವುದಿಲ್ಲ. ದೆಹಲಿಯವರಿಗೆ ಹಿತವಾದ ಬಿಸಿಲು ಬಹುಮಟ್ಟಿಗೆ ಕೆಲಸಕ್ಕೆ ಬಾರದ ಬಿಸಿಲು.

ಹಾಗಾದರೆ ಹಳ್ಳಿಯವರ ಮಟ್ಟ ಚೆನ್ನಾಗಿರಬೇಕಲ್ಲ? ಇದನ್ನೂ ಗೋಸ್ವಾಮಿ ಅವರೇ ಪರೀಕ್ಷಿಸಿದರು. ಬುಲಂದ್‌ಶಹರ್ ಜಿಲ್ಲೆಯ ಅಗೋತಾ ಗ್ರಾಮ ಉತ್ತರ ಪ್ರದೇಶಕ್ಕೆ ಸೇರಿದರೂ ರಾಜಧಾನಿ ವಲಯದೊಳಗಿನದೇ. ಅಲ್ಲಿನವರು ದಿನಕ್ಕೆ ಸರಾಸರಿ ಐದು ಗಂಟೆ ಬಿಸಿಲಿನಲ್ಲಿರುವವರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪರೀಕ್ಷಿಸಿದವರಲ್ಲಿ ನೂರಕ್ಕೆ ಸುಮಾರು 70 ಮಂದಿಯ ಮಟ್ಟ 20 ನ್ಯಾನೋಗ್ರಾಮಿಗಿಂತ ಕೆಳಗೆ. ಹೆಂಗಸರಲ್ಲಿ ಗಂಡಸರಿಗಿಂತ ಕಡಿಮೆ. ಪ್ರಬಂಧದ ಶೀರ್ಷಿಕೆಯಲ್ಲೇ, ಧಾರಾಳ ಬಿಸಿಲಿದ್ದೂ ಕೊರತೆ ಎಂಬ ಅಚ್ಚರಿಯಿದೆ.

ನನ್ನ ಮಟ್ಟಿಗೆ ಈ ಇಡೀ ಸಾಹಿತ್ಯದ ತಿರುವು ಅಗೋತಾ. ಮಬ್ಬಿಲ್ಲ, ಗಾಜಿಲ್ಲ, ಕಚೇರಿಯಿಲ್ಲ, ಆದರೂ ಕೊರತೆ. ದೇಹ ವಿಟಮಿನ್ ಡಿಯನ್ನು ಸಾಕಷ್ಟು ಹುಟ್ಟಿಸುತ್ತಿಲ್ಲ ಎಂಬುದರ ಜೊತೆಗೆ, ಹುಟ್ಟಿದ್ದನ್ನು ಬೇಗ ಖರ್ಚು ಮಾಡುತ್ತಿದೆಯೇ ಎಂದೂ ಇಲ್ಲಿ ಕೇಳಬೇಕಾಗುತ್ತದೆ.

ಖರ್ಚಿನ ಕಡೆಯ ಪ್ರಶ್ನೆ

ಈ ಪ್ರಶ್ನೆಗೆ ಉತ್ತರದ ಸುಳಿವು ಅಗೋತಾಕ್ಕೂ ಇಪ್ಪತ್ತು ವರ್ಷ ಮೊದಲೇ ಸಿಕ್ಕಿತ್ತು. 1987ರಲ್ಲಿ ಕ್ಲೆಮೆಂಟ್ಸ್, ಜಾನ್ಸನ್ ಮತ್ತು ಫ್ರೇಸರ್ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇಲಿಗಳ ಮೇಲಿನದು. ಇಲಿಗಳಿಗೆ ಕ್ಯಾಲ್ಸಿಯಂ ಕಡಿಮೆಯಿರುವ ಆಹಾರ ಕೊಟ್ಟಾಗ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿತು, ಅದರಿಂದ ಕ್ಯಾಲ್ಸಿಟ್ರಿಯಾಲ್ ಏರಿತು. ಏರಿದ ಕ್ಯಾಲ್ಸಿಟ್ರಿಯಾಲ್ ತನ್ನದೇ ಕಚ್ಚಾ ಸರಕಾದ ಸಂಗ್ರಹ ರೂಪದ ವಿಟಮಿನ್ ಡಿಯನ್ನು ಯಕೃತ್ತಿನಲ್ಲಿ ಬೇಗಬೇಗ ನಿಷ್ಕ್ರಿಯಗೊಳಿಸಿ ಹೊರಹಾಕಿಸಿತು. ರಕ್ತಪರೀಕ್ಷೆಯಲ್ಲಿ ನಾವು ಅಳೆಯುವುದು ಆ ಸಂಗ್ರಹ ರೂಪವನ್ನೇ. ಮನುಷ್ಯರಲ್ಲಿ ಅದರ ಅರ್ಧಾಯುಷ್ಯ ಸಾಮಾನ್ಯವಾಗಿ ಎರಡು ಮೂರು ವಾರ. ಊಟದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಅದು ಕುಗ್ಗುತ್ತದೆ. ಅಂದರೆ, ಒಂದೇ ಬಿಸಿಲಿನಲ್ಲಿ ದುಡಿಯುವ ಇಬ್ಬರಲ್ಲಿ ಹಾಲು ಮಜ್ಜಿಗೆ ಕಾಣದವನ ವಿಟಮಿನ್ ಡಿ ಬೇಗ ತೀರುತ್ತದೆ.

ಇದೇ ವಿಷಯದ ಇನ್ನೊಂದು ಮುಖ ಗ್ಲಾಸ್ಗೊ ನಗರದಲ್ಲಿ ಕಂಡಿತ್ತು. ಅಲ್ಲಿ ನೆಲೆಸಿದ ಭಾರತ, ಪಾಕಿಸ್ತಾನ ಮೂಲದ ಕುಟುಂಬಗಳಲ್ಲಿ ರಿಕೆಟ್ಸ್ ಹೆಚ್ಚಿದ್ದುದನ್ನು ಗಮನಿಸಿದ ಡನ್ನಿಗನ್ ಮತ್ತು ಸಂಗಡಿಗರು 1972ರಲ್ಲಿ ಚಪಾತಿ ಬಿಡಿಸಿ ನೋಡಿದ ಪ್ರಯೋಗ ಪ್ರಕಟಿಸಿದರು. ಪೂರ್ತಿ ಗೋಧಿಯ ಹಿಟ್ಟಿನಲ್ಲಿರುವ ಫೈಟೇಟ್ ಕರುಳಿನಲ್ಲಿ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಚಪಾತಿ ನಿಲ್ಲಿಸಿದಾಗ ರಕ್ತದ ಅಂಕಿಗಳು ಸುಧಾರಿಸಿದವು. ಸ್ಕಾಟ್ಲೆಂಡಿನಲ್ಲಿ ಬಿಸಿಲೇ ಇಲ್ಲವಲ್ಲ ಎಂಬ ಆಕ್ಷೇಪ ಸರಿಯೇ. ಅದಕ್ಕೆ ಉತ್ತರ ನೈಜೀರಿಯಾ. ಬಿಸಿಲಿಗೆ ಬರವಿಲ್ಲದ ಆ ದೇಶದ ರಿಕೆಟ್ಸ್ ಮಕ್ಕಳಲ್ಲಿ ಬರಿಯ ವಿಟಮಿನ್ ಡಿಗಿಂತ ಕ್ಯಾಲ್ಸಿಯಂ ಕೊಟ್ಟಾಗಲೇ ಮೂಳೆ ಚೆನ್ನಾಗಿ ವಾಸಿಯಾಯಿತೆಂದು ಥ್ಯಾಚರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು.

ಅತ್ತ ಗ್ಲಾಸ್ಗೊ, ಇತ್ತ ನೈಜೀರಿಯಾ, ನಡುವೆ ದೆಹಲಿ ಎಲ್ಲಿ ನಿಲ್ಲುತ್ತದೆ? ಲೇಡಿ ಹಾರ್ಡಿಂಜ್ ಕಾಲೇಜಿಗೆ ಸೇರಿದ ಕಲಾವತಿ ಸರಣ್ ಮಕ್ಕಳ ಆಸ್ಪತ್ರೆಯ ವರುಣ್ ಅಗರ್ವಾಲ್, ಅಂಜು ಸೇಠ್ ಮೊದಲಾದವರು 2012ರಲ್ಲಿ ಪ್ರಕಟಿಸಿದ ಹೋಲಿಕೆಯ ಅಧ್ಯಯನಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ರಿಕೆಟ್ಸ್ ಇರುವ ಮಕ್ಕಳು ಒಂದು ಕಡೆ, ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳು ಇನ್ನೊಂದು ಕಡೆ. ಬಿಸಿಲಿಗೆ ಮೈಯೊಡ್ಡುವುದರಲ್ಲಾಗಲಿ ವಿಟಮಿನ್ ಡಿ ಮಟ್ಟದಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅಂತರವಿದ್ದದ್ದು ಊಟದಲ್ಲಿ. ರಿಕೆಟ್ಸ್ ಮಕ್ಕಳಿಗೆ ದಿನಕ್ಕೆ ಸಿಗುತ್ತಿದ್ದ ಕ್ಯಾಲ್ಸಿಯಂ ಸರಾಸರಿ 204 ಮಿಲಿಗ್ರಾಂ, ಆರೋಗ್ಯವಂತರಿಗೆ 453. ಹಾಲಿನಿಂದ ಬರುವ ಪಾಲು ಕಡಿಮೆ, ಫೈಟೇಟ್ ಹೆಚ್ಚು. ಅದೇ ತಂಡ ಮರುವರ್ಷ ಚಿಕಿತ್ಸೆಯ ಹೋಲಿಕೆಯನ್ನೂ ಪ್ರಕಟಿಸಿತು. 12 ವಾರಗಳಲ್ಲಿ ಪೂರ್ತಿ ಗುಣವಾದವರು ಬರಿಯ ವಿಟಮಿನ್ ಡಿ ಪಡೆದವರಲ್ಲಿ ನೂರಕ್ಕೆ ಸುಮಾರು 16, ಬರಿಯ ಕ್ಯಾಲ್ಸಿಯಂ ಪಡೆದವರಲ್ಲಿ ಸುಮಾರು 12, ಎರಡನ್ನೂ ಪಡೆದವರಲ್ಲಿ 50. ಒಂದೊಂದೇ ಕೊಟ್ಟರೆ ಎರಡೂ ಸೋಲುತ್ತವೆ ಎಂಬುದೇ ಇಲ್ಲಿನ ಮುಖ್ಯ ಮಾತು. ದೆಹಲಿಯ ರೋಗ ಗ್ಲಾಸ್ಗೊದ್ದೂ ಅಲ್ಲ, ನೈಜೀರಿಯಾದ್ದೂ ಅಲ್ಲ, ಎರಡರ ಬೆರಕೆ. ರಿಕೆಟ್ಸ್ ಬಗ್ಗೆ 2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಕೊಟ್ಟ ಶಿಫಾರಸು ಕೂಡ ವಿಟಮಿನ್ ಡಿ ಜೊತೆಗೆ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಇರಲೇಬೇಕೆನ್ನುತ್ತದೆ; ವರ್ಷ ತುಂಬಿದ ಮಗುವಿಗೆ 300 ಮಿಲಿಗ್ರಾಮಿಗಿಂತ ಕಡಿಮೆಯಾದರೆ, ವಿಟಮಿನ್ ಡಿ ಮಟ್ಟ ಏನೇ ಇರಲಿ, ಅಪಾಯ ಹೆಚ್ಚು ಎನ್ನುತ್ತದೆ. ದೆಹಲಿಯ 204 ಆ ಗೆರೆಯ ಕೆಳಗೇ ಬೀಳುತ್ತದೆ.

ಇದಕ್ಕೂ ಮೊದಲು, 2005ರಲ್ಲಿ, ತಿಮಾರ್‌ಪುರದ ಪರಮಾಣು ವೈದ್ಯಕೀಯ ಸಂಸ್ಥೆಯ ಆರ್.ಕೆ. ಮರ್ವಾಹ ಮತ್ತು ಸಂಗಡಿಗರು ದೆಹಲಿಯ 10ರಿಂದ 18 ವರ್ಷದ 5137 ಶಾಲಾ ಮಕ್ಕಳನ್ನು ನೋಡಿದ್ದರು. ಕೊರತೆಯ ಲಕ್ಷಣಗಳು ಕಣ್ಣಿಗೇ ಕಾಣುವಂತಿದ್ದವರು ನೂರಕ್ಕೆ 10.8. ಮಿಲಿಲೀಟರಿಗೆ 9 ನ್ಯಾನೋಗ್ರಾಮಿಗಿಂತಲೂ ಕೆಳಗಿದ್ದವರು ಬಡ ಕುಟುಂಬದವರಲ್ಲಿ ನೂರಕ್ಕೆ 42, ಅನುಕೂಲಸ್ಥರಲ್ಲಿ 27. ಬಿಸಿಲೊಂದೇ ಕಾರಣವಾಗಿದ್ದರೆ ಬಯಲಲ್ಲಿ ಆಡುವ ಬಡಮಕ್ಕಳು ಮುಂದಿರಬೇಕಿತ್ತು. ಹಾಲು ಕೊಳ್ಳುವ ಶಕ್ತಿ ಇಲ್ಲಿ ತನ್ನ ಗುರುತು ಬಿಟ್ಟಿದೆ ಎಂದು ನಾನು ಓದುತ್ತೇನೆ. ಇಕ್ಕಟ್ಟಾದ ಗಲ್ಲಿಗಳಲ್ಲಿ ಬಿಸಿಲೇ ಬೀಳುವುದಿಲ್ಲ ಎಂದು ಓದುವವರೂ ಇರಬಹುದು.

ನನ್ನ ಓದಿಗೆ ನೇರವಾಗಿ ಅಡ್ಡ ಬರುವ ಒಂದು ಅಧ್ಯಯನವಿದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಏಮ್ಸ್‌ನ ರಾಜೇಶ್ ಖಡ್ಗಾವತ್, ಮರ್ವಾಹ ಮತ್ತು ಸಂಗಡಿಗರು 10ರಿಂದ 14 ವರ್ಷದ 776 ಶಾಲಾ ಮಕ್ಕಳಿಗೆ 12 ವಾರ ದಿನವೂ 200 ಮಿಲಿಲೀಟರ್ ಹಾಲು ಕೊಟ್ಟರು. ಒಂದು ಗುಂಪಿಗೆ ಬರಿಯ ಹಾಲು, ಇನ್ನೆರಡಕ್ಕೆ 600 ಮತ್ತು 1000 ಯೂನಿಟ್ ವಿಟಮಿನ್ ಡಿ ಬೆರೆಸಿದ ಹಾಲು. ಆರಂಭದಲ್ಲಿ ನೂರಕ್ಕೆ 92 ಮಕ್ಕಳ ಮಟ್ಟ 20 ನ್ಯಾನೋಗ್ರಾಮಿಗಿಂತ ಕೆಳಗಿತ್ತು. ಕೊನೆಗೆ 20 ದಾಟಿದವರು 600ರ ಗುಂಪಿನಲ್ಲಿ ನೂರಕ್ಕೆ ಸುಮಾರು 70, 1000ದ ಗುಂಪಿನಲ್ಲಿ 81. ಬರಿಯ ಹಾಲಿನ ಗುಂಪಿನಲ್ಲಿ ಕೇವಲ 6. ಹಾಲಿನ ಕ್ಯಾಲ್ಸಿಯಂ ವಿಟಮಿನ್ ಡಿಯ ಖರ್ಚು ತಗ್ಗಿಸುವುದಾದರೆ ಬರಿಯ ಹಾಲಿನವರ ಮಟ್ಟ ಕೊಂಚವಾದರೂ ಏರಬೇಕಿತ್ತು, ಏರಲಿಲ್ಲ. ಒಂದು ಲೋಟ ಹಾಲೆಂದರೆ ಸುಮಾರು 240 ಮಿಲಿಗ್ರಾಂ, ಮೂರು ತಿಂಗಳ ಅವಧಿ ಚಿಕ್ಕದು, ಹುಟ್ಟುವುದೇ ಇಲ್ಲದಾಗ ಖರ್ಚು ತಗ್ಗಿ ಉಳಿಯುವುದೇನು ಎಂದೆಲ್ಲ ಸಮಜಾಯಿಷಿ ಕೊಡಬಹುದು. ಆದರೂ ಪುರಾವೆ ಪುರಾವೆಯೇ. ಅದರಿಂದ ನನ್ನ ವಾದವನ್ನು ಇಷ್ಟಕ್ಕೆ ಇಳಿಸಿಕೊಳ್ಳುತ್ತೇನೆ: ದೆಹಲಿಯಲ್ಲಿ ವಿಟಮಿನ್ ಡಿ ಅಂಕಿಯನ್ನು ಏರಿಸಲು ವಿಟಮಿನ್ ಡಿಯೇ ಬೇಕು, ಮೂಳೆಯನ್ನು ಉಳಿಸಲು ಅದೊಂದೇ ಸಾಲದು. ಖಡ್ಗಾವತ್ ಅವರ ಪ್ರಯೋಗ ಕೇಳಿದ್ದು ಅಂಕಿಯನ್ನು, ಕಲಾವತಿ ಸರಣ್ ತಂಡ ನೋಡಿದ್ದು ಮೂಳೆಯನ್ನು.

ಗೆರೆ, ಪೊಟ್ಟಣ, ಹಾಲು, ರಾಗಿ

ಅಂಕಿಯ ವಿಷಯದಲ್ಲೇ ಒಂದು ತೊಡಕಿದೆ. ಮರ್ವಾಹ ತಂಡ 2011ರಲ್ಲಿ ಐವತ್ತು ದಾಟಿದ 1600 ದೆಹಲಿವಾಸಿಗಳ ವಿವರ ಪ್ರಕಟಿಸಿತು. ನೂರಕ್ಕೆ 91 ಮಂದಿಗೆ ವಿಟಮಿನ್ ಡಿ ಕೊರತೆ, 35 ಮಂದಿಗೆ ಮೂಳೆ ಸವೆತ. ಸುಮಾರು ಎಲ್ಲರಿಗೂ ಅಂಟುವ ಹಣೆಪಟ್ಟಿ ಯಾರ ಮೂಳೆ ಮುರಿಯುತ್ತದೆಂದು ಹೇಳಲು ಬಾರದು. ಮರುವರ್ಷ ಬಂದ ದೆಹಲಿಯ ಬೆನ್ನೆಲುಬಿನ ಅಧ್ಯಯನದಲ್ಲಿ ಐವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಕಶೇರುಕ ಕುಸಿದಿತ್ತು, ಗಂಡಸರು ಹೆಂಗಸರು ಹೆಚ್ಚುಕಡಿಮೆ ಸಮಸಮ. ಸವೆತ ಹೆಂಗಸರ ಕಾಯಿಲೆಯೆಂಬ ನಂಬಿಕೆಗೆ ಇದು ಹೊಂದುವುದಿಲ್ಲ. ಗಂಡಸರ ಕಡೆಗೆ ಯಾರೂ ಅಷ್ಟಾಗಿ ನೋಡಿಲ್ಲ ಎಂದಷ್ಟೇ ಇಲ್ಲಿ ಹೇಳಿ ಬಿಡುತ್ತೇನೆ.

ಕೊರತೆಯ ಗೆರೆ ಎಲ್ಲಿ ಎಳೆಯಬೇಕೆಂಬುದರಲ್ಲೂ ಒಮ್ಮತವಿಲ್ಲ. ಅಮೆರಿಕದ ಅಂತಃಸ್ರಾವ ತಜ್ಞರ ಸಂಘ 2011ರಲ್ಲಿ 20 ನ್ಯಾನೋಗ್ರಾಮಿಗಿಂತ ಕೆಳಗೆ ಕೊರತೆ, 30 ಮುಟ್ಟಿದರೆ ಸಾಕಷ್ಟು ಎಂದಿತು. ಅದೇ ಸಂಘ 2024ರಲ್ಲಿ ಆ ಗೆರೆಗಳನ್ನು ಕೈಬಿಟ್ಟು, ಆರೋಗ್ಯವಂತರಿಗೆ ಸುಮ್ಮನೆ ಪರೀಕ್ಷೆ ಬೇಡವೆಂದಿತು. ನಮ್ಮಲ್ಲಿ 2016-18ರ ರಾಷ್ಟ್ರೀಯ ಮಕ್ಕಳ ಪೋಷಣಾ ಸಮೀಕ್ಷೆ 12ರ ಗೆರೆ ಇಟ್ಟುಕೊಂಡು ಹದಿಹರೆಯದವರಲ್ಲಿ ನೂರಕ್ಕೆ 24 ಮಂದಿಗೆ ಕೊರತೆ ಎಂದಿತು. ಗೆರೆ ಮೇಲಿಟ್ಟರೆ ತೊಂಬತ್ತು, ಕೆಳಗಿಟ್ಟರೆ ಇಪ್ಪತ್ತನಾಲ್ಕು. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ 2022ರ ವರದಿಯಲ್ಲಿ ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ ಮೂಳೆ ಮುರಿತವನ್ನು ತಗ್ಗಿಸಲಿಲ್ಲ. ಅಲ್ಲಿನವರಲ್ಲಿ ಬಹುಪಾಲು ಮಂದಿಗೆ ಮೊದಲೇ ಕೊರತೆಯಿರಲಿಲ್ಲ. ಆ ಫಲಿತಾಂಶವನ್ನು ಮೋರಿ ಗೇಟಿಗೆ ಹೊತ್ತು ತರುವುದು ತಪ್ಪು. ಆದರೆ 2010ರ ಆಸ್ಟ್ರೇಲಿಯಾದ ಪ್ರಯೋಗ ನಮಗೂ ಸಲ್ಲುತ್ತದೆ. ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ನುಂಗಿಸಿದ ವಯಸ್ಸಾದ ಹೆಂಗಸರು ಹೆಚ್ಚು ಬಿದ್ದರು, ಹೆಚ್ಚು ಮೂಳೆ ಮುರಿದುಕೊಂಡರು. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ 60,000 ಯೂನಿಟ್ ಪೊಟ್ಟಣ ವೈದ್ಯರು ಹೇಳಿದಷ್ಟು ವಾರಕ್ಕೆ ಔಷಧಿ. ವಾರಕ್ಕೊಂದನ್ನು ದಿನಕ್ಕೊಂದೆಂದು ತಪ್ಪು ತಿಳಿದು, ಇಲ್ಲವೇ ಚುಚ್ಚುಮದ್ದಿನ ಮೇಲೆ ಚುಚ್ಚುಮದ್ದು ಹಾಕಿಸಿಕೊಂಡು, ರಕ್ತದ ಕ್ಯಾಲ್ಸಿಯಂ ಮಿತಿಮೀರಿ ಮೂತ್ರಪಿಂಡ ಕೆಟ್ಟವರ ವರದಿಗಳು ಉತ್ತರ ಭಾರತದಿಂದಲೇ ಬಂದಿವೆ.

ಸಾರ್ವಜನಿಕ ನೀತಿ ಬಿಸಿಲಿನ ಕಡೆಗೇ ವಾಲಿದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೆಹಲಿಯಲ್ಲಿ ಆರಂಭಿಸಿದ 'ಪ್ರಾಜೆಕ್ಟ್ ಧೂಪ್' ಶಾಲೆಗಳ ಬೆಳಗಿನ ಪ್ರಾರ್ಥನೆಯನ್ನು ಹನ್ನೊಂದರಿಂದ ಒಂದರ ನಡುವಿಗೆ ಸರಿಸಿ ಎಂದಿತು. ಕಿರಣಗಳ ಲೆಕ್ಕದಲ್ಲಿ ಅದು ಸರಿಯಾದ ಹೊತ್ತು. ಆದರೆ ಸಮವಸ್ತ್ರದ ತುಂಬುತೋಳಿನೊಳಗೆ ಅರ್ಧ ಗಂಟೆಯಲ್ಲಿ ಏನಾಗುತ್ತದೆ ಎಂಬುದು ಬೇರೆ ಮಾತು. ಅದೇ ವರ್ಷದ ನಿಯಮದಂತೆ ಬಲವರ್ಧಿತ ಹಾಲಿನ ಒಂದು ಲೀಟರಿನಲ್ಲಿ 5ರಿಂದ 7.5 ಮೈಕ್ರೋಗ್ರಾಂ ವಿಟಮಿನ್ ಡಿ ಇರಬೇಕು. ಲೋಟಕ್ಕೆ ಇಳಿಸಿದರೆ 40ರಿಂದ 60 ಯೂನಿಟ್. ಖಡ್ಗಾವತ್ ಅವರ ಮಕ್ಕಳಿಗೆ ಲೋಟದಲ್ಲಿ ಸಿಕ್ಕಿದ್ದು ಅದರ ಹತ್ತರಷ್ಟು ಅಥವಾ ಅದಕ್ಕೂ ಹೆಚ್ಚು. ಪ್ರಯೋಗದ ಯಶಸ್ಸನ್ನು ಪ್ಯಾಕೆಟ್ ಹಾಲಿನಿಂದ ನಿರೀಕ್ಷಿಸಲಾಗದು.

ತಟ್ಟೆಯ ಕಡೆ ನೋಡಿದರೆ, ಐಸಿಎಂಆರ್ 2020ರಲ್ಲಿ ವಯಸ್ಕರ ದಿನದ ಕ್ಯಾಲ್ಸಿಯಂ ಶಿಫಾರಸನ್ನು 600ರಿಂದ 1000 ಮಿಲಿಗ್ರಾಮಿಗೆ ಏರಿಸಿತು. ದಾಲ್, ಚಪಾತಿ, ಚಹಾದಲ್ಲಿ ಬೀಳುವಷ್ಟು ಹಾಲು ಇಷ್ಟರಿಂದ ಆ ಗುರಿಯ ಅರ್ಧವೂ ಕಷ್ಟ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ಹೇಳುತ್ತದೆ. ಗೋಧಿ ಹಿಟ್ಟಿನಲ್ಲಿ ಅದರ ಹತ್ತನೇ ಒಂದರಷ್ಟು, ಅಕ್ಕಿಯಲ್ಲಿ ಇನ್ನೂ ಕಡಿಮೆ. ಆರ್.ಕೆ. ಪುರಂ, ಮುನಿರ್ಕಾದ ಕನ್ನಡದ ಮನೆಗಳಿಗೆ ಊರಿನಿಂದ ಬರುವ ಹಿಟ್ಟಿನ ಚೀಲ ಈ ಲೆಕ್ಕದಲ್ಲಿ ದೊಡ್ಡ ಸಾಮಾನೇ. ಆದರೆ ರಾಗಿಯಲ್ಲೂ ಫೈಟೇಟ್ ಇದೆ, ಆಕ್ಸಲೇಟ್ ಇದೆ. ಕೋಷ್ಟಕದ 364 ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಮೊಳಕೆ ಕಟ್ಟಿ ಹುರಿದ ಹುರಿಹಿಟ್ಟಿನಲ್ಲಿ ಫೈಟೇಟ್ ತಗ್ಗುತ್ತದೆ. ಕೂಸುಗಳಿಗೆ ರಾಗಿ ಸರಿ ಮಾಡುವ ಮನೆಗಳಲ್ಲಿ ಮೊಳಕೆ ಬರಿಸುವುದು ಇಂದಿಗೂ ವಾಡಿಕೆ. ರಾಗಿ ತಿನ್ನುವವರಿಗೆ ಮೂಳೆಯ ಚಿಂತೆಯಿಲ್ಲ ಎಂಬ ನಮ್ಮವರ ಹೆಮ್ಮೆಗೆ ಮಾತ್ರ ನನ್ನ ಬಳಿ ಆಧಾರವಿಲ್ಲ. ದಕ್ಷಿಣದಲ್ಲೂ ಕೊರತೆಯುಂಟೆಂದು ಸಿ.ವಿ. ಹರಿನಾರಾಯಣ್ ಅವರ ತಿರುಪತಿ ಅಧ್ಯಯನಗಳು ಹೇಳುತ್ತವೆ. ಅಲ್ಲಿಯೂ ಬಿಸಿಲು ಧಾರಾಳ, ಕ್ಯಾಲ್ಸಿಯಂ ಕಡಿಮೆ, ಫೈಟೇಟ್ ಹೆಚ್ಚು.

ವಲಯದ ಇನ್ನೊಂದು ಮೂಲೆಯಿಂದಲೂ ಇದೇ ಮಾತು ಬಂದಿದೆ. ಮೀರತ್ ವೈದ್ಯಕೀಯ ಕಾಲೇಜಿನ ಎಸ್.ಪಿ.ಎಸ್. ತೇವತಿಯಾ ಮತ್ತು ಎಂ. ತೇವತಿಯಾ ದಶಕಗಳ ಕಾಲ ಫ್ಲೋರೈಡ್ ನೀರಿನ ಹಳ್ಳಿಗಳನ್ನು ಸುತ್ತಿ, ಒಂದೇ ಬಾವಿಯ ನೀರು ಕುಡಿದರೂ ಊಟದಲ್ಲಿ ಕ್ಯಾಲ್ಸಿಯಂ ಇಲ್ಲದ ಮಕ್ಕಳ ಕಾಲುಗಳೇ ಹೆಚ್ಚು ಸೊಟ್ಟಗಾಗುತ್ತವೆಂದು ವಾದಿಸಿದರು. ಕೋಲಾರ, ಮುಂಡರಗಿಯ ನೀರು ಬಲ್ಲವರಿಗೆ ಈ ಮಾತು ಹೊಸದೆನಿಸದು.

ಬಿಸಿಲೋ ತಟ್ಟೆಯೋ ಎಂಬ ಈ ಜಗಳವನ್ನು ತೀರಿಸಬಲ್ಲ ಅಧ್ಯಯನದ ರೂಪ ಕಷ್ಟದ್ದೇನಲ್ಲ. ಅಗೋತಾದಂಥ ಒಂದು ಹಳ್ಳಿ ಮತ್ತು ಮೋರಿ ಗೇಟಿನಂಥ ಒಂದು ಗಲ್ಲಿ. ಎರಡೂ ಕಡೆ ನಾಲ್ಕು ಗುಂಪು, ಒಂದಕ್ಕೆ ವಿಟಮಿನ್ ಡಿ, ಒಂದಕ್ಕೆ ಕ್ಯಾಲ್ಸಿಯಂ, ಒಂದಕ್ಕೆ ಎರಡೂ, ಒಂದಕ್ಕೆ ಎಂದಿನ ಊಟ. ಎಲ್ಲವೂ ಒಂದೇ ಋತುವಿನಲ್ಲಿ ಶುರುವಾಗಿ ವರ್ಷವಿಡೀ ನಡೆಯಬೇಕು, ಏಕೆಂದರೆ ದೆಹಲಿಯ ಜನವರಿಯನ್ನೂ ಮೇ ತಿಂಗಳನ್ನೂ ಬೆರೆಸಿದ ಸರಾಸರಿಯಿಂದ ಏನೂ ತಿಳಿಯುವುದಿಲ್ಲ. ಅಳೆಯಬೇಕಾದದ್ದು ವಿಟಮಿನ್ ಡಿ ಮಟ್ಟ ಒಂದನ್ನೇ ಅಲ್ಲ. ಪ್ಯಾರಾಥೈರಾಯ್ಡ್ ಹಾರ್ಮೋನು, 24 ಗಂಟೆಯ ಮೂತ್ರದ ಕ್ಯಾಲ್ಸಿಯಂ, ಮತ್ತು ಮಣಿಕಟ್ಟಿನ ಎಕ್ಸ್‌ರೇ.